ಬಣ್ಣದಕ್ಕನ ಟಿವಿ

"ಗಿಳಿ ಬೇಡ, ಜಲಪಾತಾನೂ ಬೇಡ. ವಾರ್ತೆ ಹಾಕಿ," ಎಂದಳು ಬಣ್ಣದಕ್ಕ.

ಅಂಗಡಿಯವನು ರಿಮೋಟು ಹಿಡಿದು ಹಾಗೇ ನಿಂತ. ಗೋಡೆಗೆ ಸಾಲಾಗಿ ನೇತುಹಾಕಿದ್ದ ಟಿವಿಗಳಲ್ಲೆಲ್ಲ ಒಂದೇ ಗಿಳಿ ಒಂದೇ ಹಣ್ಣನ್ನು ಕುಕ್ಕುತ್ತಿತ್ತು.

"ಕ್ಲಾರಿಟಿ ನೋಡೋಕೆ ಇದೇ ಸರಿ ಮೇಡಂ. ಒಂದೊಂದು ಪುಕ್ಕಾನೂ ಎಣಿಸಬಹುದು. ವಾರ್ತೆಯಲ್ಲಿ ಏನಿರತ್ತೆ? ಒಬ್ಬರು ಕೂತು ಮಾತಾಡ್ತಿರ್ತಾರೆ, ಅಷ್ಟೇ."

"ನನಗೆ ಆ ಒಬ್ಬರನ್ನೇ ನೋಡಬೇಕು."

ಅವಳು ಹೇಳಿದ ಚಾನೆಲ್ಲು ಬಂತು. ಹಿಂದಿನ ಸಂಜೆಯ ವಾರ್ತೆಯನ್ನು ಮತ್ತೊಮ್ಮೆ ತೋರಿಸುವ ಹೊತ್ತು ಅದು. ಗಿಳಿಗಳೆಲ್ಲ ಒಮ್ಮೆಲೇ ಮಾಯವಾಗಿ ಗೋಡೆಯ ತುಂಬ ವಾರ್ತೆ ಮೇಡಂ ಬಂದು ಕೂತರು. ಬಣ್ಣದಕ್ಕ ಆ ತುದಿಯ ಚಿಕ್ಕ ಟಿವಿಯಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತ ನಡೆದಳು. ಚಿಕ್ಕದರಲ್ಲಿ ಇದ್ದದ್ದು ತಾನು ವರ್ಷಗಟ್ಟಲೆ ಕೈಯಾರೆ ತಿದ್ದಿದ ಮುಖವೇ. ನುಣ್ಣಗಿತ್ತು, ಹೊಳೆಯುತ್ತಿತ್ತು, ಒಂದು ಕಲೆಯಿರಲಿಲ್ಲ. ಪಕ್ಕದ್ದರಲ್ಲಿ ಗಲ್ಲದ ಕೆಳಗೆ ಏನೋ ಗೆರೆ. ಅದರಾಚೆಯದರಲ್ಲಿ ನೋಡಿದರೆ ಆ ಗೆರೆ ಬಣ್ಣ ನಿಂತು ಚರ್ಮ ಶುರುವಾಗುವ ಜಾಗ. ಕೊನೆಯ, ಎಲ್ಲಕ್ಕಿಂತ ದೊಡ್ಡ ಟಿವಿಯ ಮುಂದೆ ಬಂದು ನಿಂತಳು. ಕಣ್ಣಂಚಿನ ಸುಕ್ಕುಗಳಲ್ಲಿ ಪೌಡರು ಬೆಳ್ಳಗೆ ಕೂತಿತ್ತು. ವಾರ್ತೆ ಮೇಡಂ ನಕ್ಕಾಗೆಲ್ಲ ಬಾಯಿಯ ಪಕ್ಕದಲ್ಲಿ ಬಣ್ಣದ ಪದರ ಬಿರುಕು ಬಿಟ್ಟು ಮತ್ತೆ ಕೂಡಿಕೊಳ್ಳುತ್ತಿತ್ತು.

"ಇದನ್ನೇ ಕೊಡಿ," ಎಂದಳು.

ಜೊತೆಗೆ ಬಂದಿದ್ದ ಗಂಡ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದ. ಅವನು ಬಸ್ ಓಡಿಸುವವನು, ಉದ್ದಗಲ ನೋಡಿದರೆ ಸಾಕು, ಯಾವುದು ಎಲ್ಲಿ ಹಿಡಿಸುತ್ತದೆಂದು ಗೊತ್ತಾಗುತ್ತಿತ್ತು. "ತಮಾಷೆ ಮಾಡ್ತಿದೀಯಾ? ಇದನ್ನ ಒಳಗೆ ಇಟ್ರೆ ನಾವು ಹೊರಗಿರಬೇಕಾಗತ್ತೆ."

"ಇರೋಣ."

"ಅಡುಗೆಮನೆ ರಿಪೇರಿ ಅಂತ ಎತ್ತಿಟ್ಟ ದುಡ್ಡು ಅದು. ಸಿಂಕ್ ಸೋರ್ತಿದೆ ಅಂತ ದಿನಾ ಗೊಣಗೋಳು ನೀನೇ."

"ಸೋರಲಿ ಬಿಡ್ರಿ. ಕೆಲಸಾನೇ ಸೋರಿಹೋದ್ರೆ ಸಿಂಕ್ ಕಟ್ಕೊಂಡು ಏನ್ ಮಾಡಲಿ?"

ಅವಳು ಹೇಳಿದ್ದು ಸುಳ್ಳಲ್ಲ. ಊರಿನ ಟಿವಿ ಸ್ಟೇಷನ್ನಿನಲ್ಲಿ ಅವಳು ಮೇಕಪ್ ಮಾಡುವವಳು. ಮೊದಲ ದಿನದಿಂದಲೂ ಎಲ್ಲರ ಬಾಯಲ್ಲಿ ಬಣ್ಣದಕ್ಕ. ಮ್ಯಾನೇಜರಿಂದ ಹಿಡಿದು ಗೇಟಿನವನವರೆಗೆ ಅವಳ ನಿಜವಾದ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಕಳೆದ ತಿಂಗಳು ಸ್ಟೇಷನ್ನಿಗೆ ಹೊಸ ಕ್ಯಾಮೆರಾಗಳು ಬಂದವು. ಎಲ್ಲರಿಗೂ ಸಂಭ್ರಮ. ಬಣ್ಣದಕ್ಕನ ಕೋಣೆಯ ಮೂಲೆಯಲ್ಲಿ ಮಾತ್ರ ಅದೇ ಹಳೆಯ ಪುಟ್ಟ ಟಿವಿ ಉಳಿಯಿತು. ಅದರಲ್ಲಿ ಎಲ್ಲರ ಮುಖವೂ ಎಂದಿನ ಹಾಗೇ ಚೆನ್ನಾಗಿತ್ತು. ಜನ ತಮ್ಮ ಮನೆಗಳಲ್ಲಿ ಏನು ನೋಡುತ್ತಿದ್ದಾರೆಂದು ಅವಳಿಗೆ ಹೊಳೆಯಲೇ ಇಲ್ಲ. ಮೊನ್ನೆ ಮ್ಯಾನೇಜರು ಕರೆದು ಕೂರಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು:

"ಬಣ್ಣದಕ್ಕ, ಬೇಜಾರು ಮಾಡ್ಕೋಬೇಡಿ. ಮೇಡಂ ಮುಖ ಸುಣ್ಣ ಹೊಡೆದ ಗೋಡೆ ಥರ ಕಾಣತ್ತೆ ಅಂತ ಜನ ಫೋನ್ ಮಾಡ್ತಿದಾರೆ. ಬಣ್ಣ ಸ್ಪ್ರೇ ಮಾಡೋ ಮೆಷೀನ್ ತರೋರು ಒಬ್ಬರಿದಾರೆ, ಅವರನ್ನ ಕರೆಸೋಣ ಅಂತ. ಮೇಡಂಗೂ ವಯಸ್ಸಾಯ್ತು. ಆ ಜಾಗಕ್ಕೂ ಒಂದು ಹುಡುಗೀನ ನೋಡಿದೀವಿ."

"ಈ ತಿಂಗಳು ಮುಗಿಯೋವರೆಗೆ ಬಿಡಿ ಸಾರ್," ಎಂದಿದ್ದಳು ಅವಳು. "ಆಮೇಲೂ ಸುಣ್ಣದ ಗೋಡೆ ಥರಾನೇ ಕಂಡ್ರೆ ನೀವು ಹೇಳೋದೇ ಬೇಡ, ನಾನೇ ಬರಲ್ಲ."

ಟಿವಿಯೇನೋ ಮನೆಗೆ ಬಂತು. ಹಜಾರದ ಗೋಡೆಯನ್ನು ತುಂಬಿ ಕಿಟಕಿಯ ಅರ್ಧವನ್ನೂ ನುಂಗಿತು. ಬೀರುವಿನ ಒಂದು ಬಾಗಿಲು ಅದಕ್ಕೆ ತಾಗಿ ತೆರೆಯದಂತಾಗಿ, ಒಳಗಿನ ಬಟ್ಟೆ ತೆಗೆಯಲು ಕೈಯನ್ನು ಓರೆಯಾಗಿ ತೂರಿಸಬೇಕಾಯಿತು. ಗಂಡ ಮೊದಲ ದಿನ ಮುಖ ಊದಿಸಿಕೊಂಡಿದ್ದವನು ಎರಡನೆಯ ದಿನ ಫುಟ್‌ಬಾಲ್ ಹಾಕಿಕೊಂಡು, ಆಟಗಾರನ ಹಣೆಯ ಬೆವರು ಕಂಡು ಮೈಮರೆತ. ಅತ್ತೆಗೆ ಬೇರೆಯದೇ ತೊಂದರೆ. ವಾರ್ತೆಯ ಹೊತ್ತಿಗೆ ಅವರು ಕಾಲು ನೀಡಿ ಕೂರುವುದನ್ನು ಬಿಟ್ಟರು.

"ಅವಳು ನನ್ನೇ ನೋಡ್ತಾಳೆ ಕಣೇ. ಅಷ್ಟು ದೊಡ್ಡ ಹೆಂಗಸು ಎದುರಿಗೆ ಕೂತಿರುವಾಗ ಕಾಲು ಚಾಚೋದು ಹೇಗೆ?"

ಬಣ್ಣದಕ್ಕ ಮಾತ್ರ ಆ ಟಿವಿಯಲ್ಲಿ ಏನನ್ನೂ ನೋಡಿ ಖುಷಿಪಡಲಿಲ್ಲ. ರಜೆಯ ದಿನ, ಕೆಲಸಕ್ಕೆ ಹೊರಡುವ ಮೊದಲು, ಹೊತ್ತು ಸಿಕ್ಕಾಗೆಲ್ಲ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು, ದನಿ ಅಡಗಿಸಿ, ಊರೂರಿನ ಚಾನೆಲ್ಲುಗಳ ಮುಖಗಳನ್ನು ನೋಡಿದಳು. ಯಾರ ಮೂಗಿನ ಪಕ್ಕ ಹೊಳಪಿದೆ, ಯಾರ ಹಣೆಯ ಮೇಲೆ ಕೂದಲಿನ ಬುಡದವರೆಗೆ ಬಣ್ಣ ಹೋಗಿಲ್ಲ, ಯಾರ ಕಣ್ಣ ಕೆಳಗಿನ ಕಪ್ಪು ಮುಚ್ಚಲು ಹೋಗಿ ಬೂದಿಬಣ್ಣವಾಗಿದೆ. ಕೆಲವರ ಮುಖದಲ್ಲಿ ಏನೂ ಹಚ್ಚಿದಂತೆ ಕಾಣುತ್ತಿರಲಿಲ್ಲ. ಆದರೆ ಹಚ್ಚದೇ ಆ ದೀಪಗಳ ಕೆಳಗೆ ಯಾರ ಮುಖವೂ ಹಾಗಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಏನೋ ಹಚ್ಚಿದ್ದಾರೆ, ಹಚ್ಚಿ ಅಡಗಿಸಿದ್ದಾರೆ. ಅದು ಹೇಗೆಂದು ತಿಳಿಯದೆ ಎದ್ದು ಹೋಗುವವಳಲ್ಲ ಅವಳು.

ಮುಖ ಬೇಕಿತ್ತು. ಅತ್ತೆಯದೇ ಸಿಕ್ಕಿತು.

"ನನ್ನ ಮುಖಕ್ಕಾ? ಈ ವಯಸ್ಸಲ್ಲಾ?" ಎಂದು ಅತ್ತೆ ನಕ್ಕರು. "ಮದುವೆ ದಿನವೂ ಪೌಡರ್ ಮುಟ್ಟಿದವಳಲ್ಲ ನಾನು."

"ಅದಕ್ಕೇ ಅತ್ತೆ. ಹೊಸ ಗೋಡೆ ಸಿಕ್ಕ ಹಾಗೆ ನನಗೆ."

"ಹೊಸದಂತೆ! ಬಿರುಕು ಎಷ್ಟಿದೆ ಎಣಿಸಿದೀಯಾ?"

ಎರಡು ಟೇಬಲ್ ಲ್ಯಾಂಪುಗಳನ್ನು ಎದುರುಬದುರಿಟ್ಟು, ಗಂಡನ ಫೋನಿನಲ್ಲಿ ಅತ್ತೆಯ ಮುಖದ ಫೋಟೋ ತೆಗೆದು, ಅದನ್ನು ದೊಡ್ಡ ಪರದೆಯ ಮೇಲೆ ನೋಡುವುದನ್ನು ಅವಳು ಕಲಿತಳು. ಹಚ್ಚುವುದು, ತೆಗೆಯುವುದು, ನೋಡುವುದು, ಒರೆಸುವುದು. ಪೌಡರನ್ನು ಕಡಿಮೆ ಮಾಡಿದಳು. ಒಣ ಸ್ಪಂಜು ಬಿಟ್ಟು ಒದ್ದೆ ಸ್ಪಂಜು ಹಿಡಿದಳು. ಉಜ್ಜುವುದನ್ನು ಬಿಟ್ಟು ತಟ್ಟಿದಳು. ಕೆಲವು ದಿನ ಮೊದಲಿಗಿಂತ ಕೆಟ್ಟದಾಯಿತು. ಒಂದು ದಿನ ಅತ್ತೆಯ ಕೆನ್ನೆ ಕೆಂಪಾಗಿ ಊದಿಕೊಂಡು, ಗಂಡ "ನಮ್ಮಮ್ಮನನ್ನ ಏನು ಅಂದ್ಕೊಂಡಿದೀಯೆ?" ಎಂದು ಕೂಗಾಡಿದ. ಅತ್ತೆ ಕೆನ್ನೆಗೆ ತಣ್ಣೀರಿನ ಬಟ್ಟೆ ಒತ್ತಿಕೊಂಡೇ ಮಗನನ್ನು ಗದರಿದರು: "ಮುಖ ನಂದು. ನೀನ್ಯಾಕೆ ಬಾಯಿ ಹಾಕ್ತೀಯ? ಹೋಗು, ಬಸ್ಸಿಗೆ ಹೊತ್ತಾಯ್ತು."

ಊತ ಇಳಿದ ಮೇಲೆ ಬಣ್ಣದಕ್ಕ ಮುಖವನ್ನು ನಡುವೆ ಭಾಗ ಮಾಡಿದಳು. ಎಡಕ್ಕೆ ತನ್ನ ಹಳೆಯ ರೀತಿ: ಗಟ್ಟಿ ಡಬ್ಬಿಯ ಬಣ್ಣ, ಮೇಲೆ ಧಾರಾಳ ಪೌಡರು, ಸುಕ್ಕೆಲ್ಲ ಮುಚ್ಚುವಂತೆ. ಬಲಕ್ಕೆ ಸುಕ್ಕುಗಳ ತಂಟೆಗೇ ಹೋಗಲಿಲ್ಲ. ಕ್ರೀಮು ಹಚ್ಚಿ, ಅದು ಪೂರ್ತಿ ಇಂಗುವವರೆಗೆ ಕಾದು, ಕಣ್ಣ ಕೆಳಗಿನ ಕಪ್ಪಿಗೆ ಮಾತ್ರ ಒಂದಿಷ್ಟು ಕಿತ್ತಳೆ ಛಾಯೆ, ಉಳಿದದ್ದಕ್ಕೆ ನೀರಿನಷ್ಟು ತೆಳು ಬಣ್ಣ. ಪೌಡರು ಮೂಗಿನ ತುದಿಗಷ್ಟೇ. ಫೋನು ಹಿಡಿದು ತೆಗೆದಳು. ಪರದೆಯ ಮೇಲೆ ಅತ್ತೆಯ ಮುಖ ಗೋಡೆಯಗಲ ಮೂಡಿತು.

ಅತ್ತೆ ಎದ್ದು ಹತ್ತಿರ ಹೋಗಿ ಎಡಗಡೆ ಬೆರಳು ತೋರಿಸಿದರು. "ಇವಳ್ಯಾರೋ ನನಗೆ ಗೊತ್ತಿಲ್ಲ." ಬೆರಳು ಬಲಕ್ಕೆ ಸರಿಯಿತು. "ಇದು ನಮ್ಮಮ್ಮ ಕಣೇ. ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ ಹೀಗೇ ಇರ್ತಿದ್ರು."

ಬಣ್ಣದಕ್ಕ ಬಲಭಾಗವನ್ನು ಬಹಳ ಹೊತ್ತು ನೋಡಿದಳು. ಕಣ್ಣಂಚಿನಲ್ಲಿ ಸುಕ್ಕು ಇದ್ದ ಹಾಗೇ ಇತ್ತು. ಅದರ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ, ಅಷ್ಟೇ.

ಮರುದಿನ ಸಂಜೆ ವಾರ್ತೆ ಮೇಡಂ ಬಂದು ಕನ್ನಡಿಯ ಮುಂದೆ ಕೂತಾಗ ಅವರ ಕೈಯಲ್ಲಿ ಅಂದಿನ ಸುದ್ದಿಯ ಹಾಳೆಗಳಿರಲಿಲ್ಲ. ಎಂದೂ ಹಾಗೆ ಬಂದವರಲ್ಲ.

"ಆ ಹುಡುಗೀನ ಇವತ್ತು ಸ್ಟುಡಿಯೋದಲ್ಲಿ ಕೂರಿಸಿ ನೋಡಿದ್ರಂತೆ," ಎಂದರು. "ಗಟ್ಟಿಯಾಗಿ ಹಚ್ಚು ಬಣ್ಣದಕ್ಕ. ಒಂದು ಗೆರೆ ಕಾಣಬಾರದು."

"ಇವತ್ತಿಂದ ತೆಳುವಾಗಿ ಹಚ್ತೀನಿ ಮೇಡಂ."

"ಏನು?"

"ಗಟ್ಟಿಯಾಗಿ ಹಚ್ಚಿದಷ್ಟೂ ಗೆರೆ ಎದ್ದು ಕಾಣತ್ತೆ. ನಾನು ಮನೇಲಿ ನೋಡಿದೀನಿ. ನಿಮ್ಮನ್ನ ಹಾಗೆ ಕಾಣೋ ಹಾಗೆ ಮಾಡಿದ್ದು ವಯಸ್ಸಲ್ಲ, ನನ್ನ ಕೈ."

"ನನ್ನನ್ನ ಮುದುಕಿ ಮಾಡಿ ಕೂರಿಸ್ತೀಯಾ? ಇವತ್ತೇ ಆಗಬೇಕಾ ನಿನ್ನ ಪ್ರಯೋಗ? ಕೊಡಿಲ್ಲಿ ಡಬ್ಬಿ, ನಾನೇ ಹಚ್ಕೋತೀನಿ."

"ಡಬ್ಬಿ ಇಲ್ಲ ಮೇಡಂ. ಬೆಳಿಗ್ಗೆ ಕಸಕ್ಕೆ ಹಾಕಿ ಬಂದೆ."

ವಾರ್ತೆ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಮೇಜಿನ ಡ್ರಾಯರುಗಳನ್ನು ಎಳೆದೆಳೆದು ನೋಡಿದರು. ಬಾಚಣಿಗೆ, ಹತ್ತಿ, ಪಿನ್ನುಗಳು. ಡಬ್ಬಿ ನಿಜಕ್ಕೂ ಇರಲಿಲ್ಲ. "ಇದು ನನ್ನ ಹೊಟ್ಟೆಪಾಡು ಕಣೇ."

"ನಂದೂ ಅದೇ ಮೇಡಂ." ಬಣ್ಣದಕ್ಕನ ಕೈಯಲ್ಲಿದ್ದ ಒದ್ದೆ ಸ್ಪಂಜಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಹಿಂಡಿ, ಕುರ್ಚಿಯನ್ನು ಕನ್ನಡಿಗೆ ಬೆನ್ನಾಗುವಂತೆ ತಿರುಗಿಸಿದಳು. "ಹೊತ್ತಾಗ್ತಿದೆ. ಕೂತ್ಕೊಳ್ಳಿ."

ಹೊರಗೆ ಯಾರೋ ವಾರ್ತೆ ಮೇಡಂ ಹೆಸರು ಹಿಡಿದು ಕೂಗಿದರು. ಅವರು ಬಾಗಿಲನ್ನೂ ಬಣ್ಣದಕ್ಕನನ್ನೂ ನೋಡಿ, ಕೂತು, ಕಣ್ಣು ಮುಚ್ಚಿದರು. "ಕೆಟ್ಟದಾಗಿ ಕಂಡ್ರೆ ನಿನ್ನ ಮುಖ ನೋಡಲ್ಲ."

"ಕೆಟ್ಟದಾಗಿ ಕಂಡ್ರೆ ನಾನು ಮುಖ ತೋರಿಸೋದೂ ಇಲ್ಲ ಬಿಡಿ," ಎಂದು ಬಣ್ಣದಕ್ಕ ಅವರ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿದಳು.

ಸಂಗೀತ ಮೊಳಗಿ ವಾರ್ತೆ ಶುರುವಾಯಿತು. ತನ್ನ ಕೋಣೆಯ ಪುಟ್ಟ ಟಿವಿಯನ್ನು ನಂಬುವಂತಿರಲಿಲ್ಲ. ದೊಡ್ಡ ಪರದೆಗಳಿದ್ದ ಕೋಣೆಗೆ ಅವಳಂಥವರನ್ನು ಬಿಡುತ್ತಿರಲಿಲ್ಲ. ಕಾರಿಡಾರಿನ ಗೋಡೆಗೆ ಒರಗಿ ಬಣ್ಣದಕ್ಕ ಮನೆಗೆ ಫೋನು ಮಾಡಿದಳು. ಎತ್ತಿದ್ದು ಅತ್ತೆ.

"ಹೇಗಿದೆ ಅತ್ತೆ?"

"ಅಯ್ಯೋ, ಏನು ಹೇಳಲಿ. ಎಲ್ಲೋ ದೋಣಿ ಮಗುಚಿದೆಯಂತೆ ಕಣೇ."

"ಸುದ್ದಿ ಅಲ್ಲ ಅತ್ತೆ..."

"ತಡಿ, ತಡಿ, ಹೇಳ್ತಿದಾಳೆ. ಒಂದು ಮಗು ಬದುಕಿದೆಯಂತೆ. ಪುಣ್ಯ! ಹಲಗೆ ಹಿಡ್ಕೊಂಡು ತೇಲ್ತಿತ್ತಂತೆ."

"ಅತ್ತೆ! ಮುಖ ಹೇಗಿದೆ, ಮುಖ?"

"ಮುಖಾನಾ?" ಎಂದರು ಅತ್ತೆ. "ಮುಖ ನೋಡೋದೇ ಮರೆತುಬಿಟ್ಟೆ ಕಣೇ. ಇರು, ಈಗ ನೋಡ್ತೀನಿ."

"ಬೇಡ ಅತ್ತೆ. ಸಾಕು," ಎಂದಳು ಬಣ್ಣದಕ್ಕ. ಫೋನು ಕೆಳಗಿಳಿಸಿದ ಮೇಲೂ ಅವಳು ಗೋಡೆ ಬಿಟ್ಟು ಕದಲಲಿಲ್ಲ.

ವಾರ್ತೆ ಮುಗಿದು ಮ್ಯಾನೇಜರು ಅದೇ ಕಾರಿಡಾರಿನಲ್ಲಿ ಎದುರಾದರು. ದಾಟಿ ಹೋದವರು ನಿಂತು ಹಿಂದಿರುಗಿ ನೋಡಿ, "ಲೈಟ್ ಏನಾದ್ರೂ ಬದಲಾಯಿಸಿದ್ರಾ ಇವತ್ತು?" ಎಂದರು. "ನನಗೆ ಗೊತ್ತಿಲ್ಲ ಸಾರ್," ಎಂದಳು. ತಿಂಗಳು ಮುಗಿಯಿತು. ಸ್ಪ್ರೇ ಮೆಷೀನಿನವರೂ ಬಂದರು, ಆ ಹುಡುಗಿಯೂ ಬಂದಳು. ಇಬ್ಬರಿಗೂ ಬೆಳಗಿನ ಕಾರ್ಯಕ್ರಮ ಕೊಟ್ಟರು. ಬಣ್ಣದಕ್ಕನ ಕೋಣೆಯ ಅರ್ಧವನ್ನು ಮೆಷೀನು ಆಕ್ರಮಿಸಿತು. ಸಂಜೆಯ ಕುರ್ಚಿ ಮಾತ್ರ ವಾರ್ತೆ ಮೇಡಂದೇ ಆಗಿ ಉಳಿಯಿತು. ಅವರು ಬಣ್ಣದಕ್ಕನೊಡನೆ ಕೆಲವು ದಿನ ಬೇಕಾದಷ್ಟೇ ಮಾತಾಡಿದರು. ಆಮೇಲೊಂದು ಸಂಜೆ ಹಾಳೆಗಳ ಮೇಲೆ ಕಣ್ಣಿಟ್ಟುಕೊಂಡೇ, "ನೀನು ರಜಾ ಹಾಕಿದ ದಿನ ನಾನೇ ಹಚ್ಕೋಬೇಕಲ್ಲ, ಅದೆಷ್ಟು ಹೊತ್ತು ಕಾಯಬೇಕು ಕ್ರೀಮ್ ಇಂಗೋಕೆ, ಹೇಳಿಕೊಡು," ಎಂದರು.

ಮುಂದಿನ ರಜೆಯ ದಿನ ಬಣ್ಣದಕ್ಕ ಚಹಾ ಹಿಡಿದು ಅತ್ತೆಯ ಪಕ್ಕದಲ್ಲಿ ಕೂತಳು, ದನಿ ಜೋರಾಗಿಟ್ಟುಕೊಂಡು. ವಾರ್ತೆ ಮೇಡಂ ತಾವೇ ಹಚ್ಚಿಕೊಂಡು ಬಂದಿದ್ದರು. ಹಣೆ ಸರಿಯಾಗಿತ್ತು, ಕಣ್ಣ ಕೆಳಗೂ ಸರಿಯಾಗಿತ್ತು. ಎಲ್ಲೋ ರಸ್ತೆ ಮುಚ್ಚಿದ ಸುದ್ದಿ ಓದುತ್ತ ಅವರು ಕೊಂಚ ಪಕ್ಕಕ್ಕೆ ತಿರುಗಿದಾಗ ಎಡಗಿವಿ ಕಂಡಿತು. ಕೆನ್ನೆಯ ಬಣ್ಣ ಒಂದು, ಕಿವಿಯದು ಇನ್ನೊಂದು. ಕಿವಿಗೆ ಹಚ್ಚುವುದನ್ನು ಮರೆತಿದ್ದರು.

ಬಣ್ಣದಕ್ಕ ಚಹಾ ಕೆಳಗಿಟ್ಟು ಎದ್ದಳು. ಪರದೆಯ ಹತ್ತಿರ ಹೋಗಿ, ಉಂಗುರದ ಬೆರಳ ತುದಿಯಿಂದ ಆ ದೊಡ್ಡ ಕಿವಿಯನ್ನು ಮೆಲ್ಲಗೆ ತಟ್ಟಿದಳು, ಒಮ್ಮೆ, ಮತ್ತೊಮ್ಮೆ. ಗಾಜು ಬೆಚ್ಚಗಿತ್ತು.

"ಸರಿಹೋಯ್ತಾ?" ಎಂದರು ಹಿಂದಿನಿಂದ ಅತ್ತೆ, ಕಾಲು ನೀಡಿಕೊಳ್ಳುತ್ತ.