ಚಾಲಕನ ಕಡೆಯ ಕನ್ನಡಿ

“ಕನ್ನಡಿ ಒಂದು ಮುಟ್ಟಬೇಡಿ ಮೇಡಂ. ಬೇರೆ ಎಲ್ಲಾ ನಿಮ್ಮದೇ ಅಂದ್ಕೊಳ್ಳಿ,” ಎಂದ ಮರದ ಮಿಲ್ಲಿನವನು.

ಅವಳು ಆಗಲೇ ಮುಟ್ಟಿಯಾಗಿತ್ತು. ಚಾಲಕ ಕೂರುವ ಕಡೆ, ಬಾಗಿದ ಕಬ್ಬಿಣದ ತೋಳಿನ ತುದಿಯಲ್ಲಿ ಅಂಗೈಯಗಲದ ದುಂಡು ಕನ್ನಡಿ. ಅಂಚೆಲ್ಲ ಕಪ್ಪಾಗಿ ನಡುವೆ ಮಾತ್ರ ಬೆಳಕು ಉಳಿದಿತ್ತು. ಅವಳು ಬೆರಳು ಹಿಂದಕ್ಕೆ ತೆಗೆದಳು.

“ಯಾಕೆ, ಬಿದ್ದುಹೋಗುತ್ತಾ?”

“ಬಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು. ಭಾರೀ ಮೊಂಡು ಅದು. ನೀವು ಈ ಕಡೆ ತಿರುಗಿಸಿದ್ರೆ ಅದು ಆ ಕಡೆಗೇ ವಾಪಸ್. ನಮ್ಮಪ್ಪ ಜಗಳ ಆಡಿ ಸೋತ, ಈಗ ನನ್ನ ಸರದಿ. ಮನೇಲಿ ನನ್ನ ಹೆಂಡತಿ ಮಾತು ಕೂಡ ಇಷ್ಟು ನಡೆಯಲ್ಲ.” ತನ್ನ ಮಾತಿಗೆ ತಾನೇ ನಕ್ಕು, ಕಿವಿಯೊಳಗಿನ ಮರದ ಪುಡಿ ಕೊಡವಿಕೊಂಡ.

ಜೀಪು ಶೆಡ್ಡಿನ ಗೋಡೆಗೆ ಮೂಗು ತಾಗಿಸಿ, ಅಂಗಳಕ್ಕೆ ಬೆನ್ನು ಹಾಕಿ ನಿಂತಿತ್ತು. ಹಿಂದಿನ ಒಂದು ಚಕ್ರ ಬಿಚ್ಚಿ ಅದರ ಜಾಗದಲ್ಲಿ ಬೆಲ್ಟಿನ ಗಾಲಿ ಕೂರಿಸಿದ್ದರು. ಎಂಜಿನ್ ಓಡಿದರೆ ಪಕ್ಕದ ಗರಗಸ ತಿರುಗಬೇಕು, ಅಷ್ಟೇ. ಐವತ್ತು ವರ್ಷ ಓಡಿಯೂ ಒಂದು ಗೇಣು ಮುಂದೆ ಹೋಗದ ಗಾಡಿ. ಅದರ ಮೇಲೆಲ್ಲ ಹೊಟ್ಟು ಬಿದ್ದು, ದೂರದಿಂದ ಯಾವುದೋ ಪ್ರಾಣಿ ರೋಮ ಬಿಟ್ಟುಕೊಂಡು ಮಲಗಿದಂತೆ ಕಾಣುತ್ತಿತ್ತು.

ಬಸ್ ಡಿಪೋದಲ್ಲಿ ಗಾಡಿಗಳ ತಪಾಸಣೆ ಅವಳ ಕೆಲಸ. ರಜಾದಿನಗಳಲ್ಲಿ ಇನ್ನೊಂದು ತಪಾಸಣೆ: ಯುದ್ಧಕಾಲದ ಸೈನ್ಯದ ಜೀಪುಗಳಲ್ಲಿ ಇನ್ನೂ ಉಳಿದಿರುವುದು ಎಷ್ಟು, ಎಲ್ಲೆಲ್ಲಿ ಎಂದು ಹುಡುಕಿ ಗುರುತಿಸುವುದು. ಹನ್ನೊಂದು ವರ್ಷಗಳಲ್ಲಿ ಅರವತ್ತೆರಡು ಸಿಕ್ಕಿದ್ದವು. ಕೋಳಿಗೂಡಿನಲ್ಲಿ ಒಂದು, ಶಾಲೆಯ ಆಟದ ಬಯಲಿನಲ್ಲಿ ಒಂದು, ಬಾವಿಯ ತಳದಲ್ಲಿ ಅರ್ಧ. ಮೋಸದವೂ ಬೇಕಾದಷ್ಟಿದ್ದವು. ಹೊಸ ತಗಡಿಗೆ ಹಸಿರು ಬಳಿದು, ಬಾನೆಟ್ಟಿನ ಮೇಲೆ ನಕ್ಷತ್ರ ಬರೆದು, ನಿಮ್ಮ ಮುಖ ನೋಡಿ ಕಣ್ಣೀರು ಹಾಕುವವರಿದ್ದರು. ಹಾಗಾಗಿ ಅವಳು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಚೌಕಟ್ಟಿನ ಮೇಲೆ ಕಾರ್ಖಾನೆ ಒತ್ತಿದ ಅಂಕಿಗಳನ್ನು ತನ್ನ ಕೈಯಿಂದಲೇ ಕಾಗದಕ್ಕೆ ಇಳಿಸಿಕೊಂಡ ಮೇಲಷ್ಟೇ ನೋಂದಣಿ ಪುಸ್ತಕದಲ್ಲಿ ಒಂದು ಸಾಲು. ಈ ನಿಯಮವನ್ನು ಅವಳು ಒಂದೇ ಒಂದು ಸಲ ಸಡಿಲಿಸಿದ್ದಳು, ಮೊದಲ ಪುಟದಲ್ಲಿ.

ಮಿಲ್ಲಿನವನು ಚಹಾ ತರುತ್ತೇನೆಂದು ರಸ್ತೆಯ ಕಡೆ ಹೋದ. ಅವಳು ಮುಂದಿನ ಚಕ್ರದ ಬಳಿ ಅಂಗಾತ ಮಲಗಿ, ಚೌಕಟ್ಟಿನ ಒಳಬದಿಯ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಳು. ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಉಜ್ಜತೊಡಗಿದಳು. ಬೂದು ಬಣ್ಣದೊಳಗಿಂದ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದುಬಂದವು. ನಾಲ್ಕು. ಒಂದು. ಏಳು.

ಅವಳ ಕೈ ನಿಧಾನವಾಯಿತು. ಇನ್ನು ಬರಬೇಕಾದ ಅಂಕಿಗಳು ಅವಳಿಗೆ ಗೊತ್ತಿದ್ದವು.

ಸೊನ್ನೆ. ಒಂಬತ್ತು. ಮೂರು.

ಆ ಸಂಖ್ಯೆಯನ್ನು ಅವಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಅಪ್ಪನ ಸೂಟ್‌ಕೇಸಿನ ಬೀಗಕ್ಕೆ ಅದರ ಕೊನೆಯ ಮೂರು ಅಂಕಿ. ಜ್ವರ ಬಂದಾಗ ಅಪ್ಪ ಕನವರಿಸುತ್ತಿದ್ದುದೂ ಅದನ್ನೇ. ಯುದ್ಧದಲ್ಲಿ ಅಪ್ಪ ಓಡಿಸುತ್ತಿದ್ದ ಜೀಪು ಅದು. ಕಲ್ಲುಕ್ವಾರಿಯ ತಿರುವಿನಲ್ಲಿ ಶೆಲ್ ಬಿದ್ದು, ಪೆಟ್ರೋಲ್ ಹೊತ್ತಿಕೊಂಡು ಸುಟ್ಟುಹೋದ ಜೀಪು. ಪಕ್ಕದ ಸೀಟಿನಲ್ಲಿದ್ದ ವೈರ್‌ಲೆಸ್‌ನವನೂ ಅದರಲ್ಲೇ ಹೋದ. ಕಣ್ಣು ಮಿಟುಕಿಸುವಷ್ಟರಲ್ಲಿ, ನೋವು ಗೊತ್ತಾಗುವ ಮೊದಲೇ ಎಂದು ಅಪ್ಪ ಹೇಳುತ್ತಿದ್ದ. ವೈರ್‌ಲೆಸ್‌ನವನ ಅಕ್ಕನಿಗೆ ಆ ಸುದ್ದಿ ತಲುಪಿಸಿದವನೂ ಅಪ್ಪನೇ. ಆ ಅಕ್ಕ ಆಮೇಲೆ ಅಪ್ಪನ ಬೀದಿಗೇ ಮನೆ ಬದಲಿಸಿದರು. ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಜಡೆ ಹೆಣೆದವರು, ಮಗ್ಗಿ ಬಾಯಿಪಾಠ ಮಾಡಿಸಿದವರು ಅವರೇ; ಅವಳಿಗೆ ಅತ್ತೆ. ನೋಂದಣಿ ಪುಸ್ತಕವನ್ನು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆಯುವವರೂ ಅವರೇ. ಮೊದಲ ಪುಟದ ಮೊದಲ ಸಾಲು ಹೀಗಿತ್ತು: ೪೧೭೦೯೩. ಸುಟ್ಟುಹೋಗಿದೆ. ಆಧಾರ: ಚಾಲಕನ ಹೇಳಿಕೆ.

ಅವಳು ಮೇಲೆದ್ದು ಸಂಶಯದ ಕೊನೆಯ ಎಳೆ ಹಿಡಿದಳು. ಬಾಗಿಲ ಅಂಚಿನಲ್ಲಿ ರೂಪಾಯಿಯಗಲದ ಜಾಗವನ್ನು ಒದ್ದೆ ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಿದಳು. ಬಣ್ಣಗಳು ಮರದ ಉಂಗುರಗಳಂತೆ ಒಂದರೊಳಗೊಂದು ತೆರೆದುಕೊಂಡವು. ಮಿಲ್ಲಿನ ನೀಲಿ, ಅದರೊಳಗೆ ಹಳದಿ, ಅದರೊಳಗೆ ಸೈನ್ಯದ ಮಂಕು ಹಸಿರು, ಕೊನೆಗೆ ಕಾರ್ಖಾನೆಯ ಇಟ್ಟಿಗೆ ಬಣ್ಣದ ಪ್ರೈಮರ್. ಬೆಂಕಿ ಕಂಡ ತಗಡಿನಲ್ಲಿ ಹಸಿರು ಗುಳ್ಳೆ ಎದ್ದಿರುತ್ತದೆ, ಪ್ರೈಮರ್ ಉಳಿದಿರುವುದಿಲ್ಲ. ಇನ್ನೂ ಮೂರು ಕಡೆ ತಿಕ್ಕಿದಳು. ಎಲ್ಲಿಯೂ ಒಂದು ಗುಳ್ಳೆ ಇರಲಿಲ್ಲ. ಈ ಗಾಡಿ ಬೆಂಕಿಯನ್ನೇ ಕಂಡಿರಲಿಲ್ಲ.

ಕಾರ್ಖಾನೆಯ ಫಲಕದ ಮೊಳೆತೂತುಗಳನ್ನು ನೋಡಬೇಕಿತ್ತು. ಅವು ಪಕ್ಕದ ಸೀಟಿನ ಎದುರಿಗಿರುತ್ತವೆ. ಅವಳು ಹತ್ತಿ ಕುಳಿತಳು. ಸೀಟಿನ ಕ್ಯಾನ್ವಾಸ್ ಬಿಗಿಯಾಗಿ, ಅರ್ಧ ಶತಮಾನದಲ್ಲಿ ಯಾರೂ ಕೂರದಂತೆ ಇತ್ತು. ಚಾಲಕನ ಸೀಟಿನದು ಹರಿದು, ಹೊಲಿದು, ಮತ್ತೆ ಹರಿದಿತ್ತು.

ಕುಳಿತ ಮೇಲೆ ತಲೆಯೆತ್ತಿದರೆ ಎದುರಿಗೇ ಆ ಕನ್ನಡಿ. ಚಾಲಕನಿಗೆ ಅದರಲ್ಲಿ ಏನೂ ಕಾಣುವಂತಿರಲಿಲ್ಲ. ಆದರೆ ಈ ಸೀಟಿನಿಂದ, ತಲೆಯನ್ನು ಒಂದಿಷ್ಟೂ ಅಲ್ಲಾಡಿಸದೆ, ಹಿಂದಿನ ಅಂಗಳ, ಗೇಟು, ಗೇಟಿನಾಚೆಗೆ ನೇರ ಹೋಗುವ ರಸ್ತೆ ಇಡಿಯಾಗಿ ಕಾಣುತ್ತಿತ್ತು. ರಸ್ತೆಯ ತುದಿಯಲ್ಲಿ ಸಾಸಿವೆಕಾಳಿನಷ್ಟು ಒಬ್ಬ ಮನುಷ್ಯ. ಅವನು ಬರುತ್ತಿದ್ದ. ಬಹಳ ಹೊತ್ತು ಬರುತ್ತಲೇ ಇದ್ದ. ದೊಡ್ಡವನಾಗುತ್ತಲೇ ಇರಲಿಲ್ಲ. ‘ಸದ್ಯ, ಬಂದ’ ಎಂದು ಮನಸ್ಸು ಹೇಳಿತು. ಯಾರು ಬಂದರೆಂದು, ತಾನು ಯಾರಿಗಾಗಿ ಕಾಯುತ್ತಿದ್ದೆನೆಂದು ಅವಳಿಗೇ ತಿಳಿಯಲಿಲ್ಲ.

“ಅಲ್ಲಿ ಯಾಕೆ ಕೂತ್ರಿ?” ಮಿಲ್ಲಿನವನು ಎರಡೂ ಕೈಯಲ್ಲಿ ಚಹಾ ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಮುಖದಲ್ಲಿ ಹಿಂದಿನ ತಮಾಷೆ ಇರಲಿಲ್ಲ. “ಆ ಕಡೆ ನಾವು ಯಾರೂ ಕೂರಲ್ಲ. ಇಳೀರಿ, ಚಹಾ ಆರುತ್ತೆ.”

“ನಿಮ್ಮಪ್ಪನಿಗೆ ಇದು ಎಲ್ಲಿ ಸಿಕ್ತು?”

“ಯುದ್ಧ ಮುಗಿದ ವರ್ಷ, ಕ್ವಾರಿ ತಿರುವಿನಲ್ಲಿ. ಮುಂದಿನ ಆಕ್ಸಲ್ ಮುರಿದು ನಿಂತಿತ್ತಂತೆ. ಬೇರೆ ಎಲ್ಲಾ ಸರಿ ಇತ್ತು.”

“ಒಳಗೆ ಯಾರಾದ್ರೂ...”

“ಯಾರೂ ಇರ್ಲಿಲ್ಲ. ಖಾಲಿ ನೀರಿನ ಕ್ಯಾನು. ಈ ಸೀಟಿನ ಮೇಲೆ ಒಂದು ಕಂಬಳಿ, ನೀಟಾಗಿ ಮಡಿಸಿ ಇಟ್ಟಿತ್ತು. ಅಪ್ಪ ಅದನ್ನ ಮನೆಗೆ ತರ್ಲಿಲ್ಲ. ಯಾರೋ ಈಗಷ್ಟೇ ಎದ್ದು ಹೋದ ಹಾಗಿತ್ತು, ಮತ್ತೆ ಬಂದು ಕೇಳಿದ್ರೆ ಏನ್ ಹೇಳೋದು ಅಂತಿದ್ದ.” ಅವನು ಕನ್ನಡಿಯ ಕಡೆ ಗಲ್ಲ ಎತ್ತಿ ತೋರಿಸಿದ. “ಇದೂ ಆಗಿನಿಂದ ಹೀಗೇ.”

ತೋಳಿನ ಕೀಲು ಸವೆದಿರಬೇಕು, ಎಂಜಿನ್ ನಡುಗಿದಾಗ ಜಾರಿ ಅದೇ ಜಾಗಕ್ಕೆ ಬಂದು ಕೂರುತ್ತದೆ ಎಂದು ಅವಳು ವಿವರಿಸಿದಳು. ಅವನು ತಲೆಯಾಡಿಸಿದ. “ಇರಬಹುದು ಮೇಡಂ. ಆದ್ರೆ ಎಂಜಿನ್ ಕೆಟ್ಟು ಆರು ತಿಂಗಳಾಯ್ತು. ಹೋದ ವಾರ ನಾನೇ ಈ ಕಡೆ ತಿರುಗಿಸಿದ್ದೆ.”

ಮನೆಗೆ ನಾಲ್ಕು ಗಂಟೆಯ ದಾರಿ. ಕಾಗದವನ್ನು ಎರಡು ರಟ್ಟುಗಳ ನಡುವೆ ಇಟ್ಟು ಪಕ್ಕದ ಸೀಟಿನ ಮೇಲಿರಿಸಿದಳು. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಅದನ್ನು ಹಿಂದಿನ ಸೀಟಿಗೆ ಹಾಕಿದಳು. ಅಪ್ಪ ಕೂರುತ್ತಿದ್ದುದೂ ಅಲ್ಲೇ. ಅವಳ ಕಾರಿನ ಮುಂದಿನ ಸೀಟಿನಲ್ಲಿ ಅವನು ಒಂದು ದಿನವೂ ಕೂತವನಲ್ಲ. ಹಿಂದೆ, ಕನ್ನಡಿಗೆ ಸಿಗದ ಮೂಲೆಯಲ್ಲಿ ಒತ್ತಿಕೊಂಡಿರುತ್ತಿದ್ದ. ಯುದ್ಧದಿಂದ ಬಂದ ಮೇಲೆ ಸೈಕಲ್ಲನ್ನೂ ಮುಟ್ಟಿರಲಿಲ್ಲ. ಬೆಂಕಿಯ ಭಯ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು.

ಕಾಗದವನ್ನು ಹರಿದು ಹಾಕಬಹುದಿತ್ತು. ಪುಸ್ತಕದಲ್ಲಿ ಅರವತ್ತೆರಡೇ ಉಳಿಯುತ್ತಿತ್ತು, ಅಪ್ಪನ ಮಾತು ಉಳಿಯುತ್ತಿತ್ತು, ಐವತ್ತು ವರ್ಷದಿಂದ ಅತ್ತೆ ತಬ್ಬಿಕೊಂಡಿದ್ದ ಆ ‘ಕಣ್ಣು ಮಿಟುಕಿಸುವಷ್ಟರಲ್ಲಿ’ ಉಳಿಯುತ್ತಿತ್ತು. ಬರೆಸಬೇಕೆಂದರೆ ಅತ್ತೆಯ ಕೈಯಿಂದಲೇ ಬರೆಸಬೇಕು. ರಾತ್ರಿಯಿಡೀ ಅವಳಿಗೆ ಹರಿಯಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ.

ಮರುದಿನ ಭಾನುವಾರ. ಅತ್ತೆ ಬರುವುದು ಹತ್ತಕ್ಕೆ. ಒಂಬತ್ತೂವರೆಗೆ ಅಪ್ಪ ಕಿಟಕಿಯ ಬಳಿ, ರಸ್ತೆಗೆ ಬೆನ್ನು ಹಾಕಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

“ಅಪ್ಪ, ನಿನ್ನ ಗಾಡಿ ನೋಡಿದೆ,” ಎಂದಳು. “ಪೂರ್ತಿ ಇದೆ.”

ಉಗುರುಕತ್ತರಿ ನಿಂತಿತು. ನಂಬರ್ ಸರಿಯಾಗಿ ನೋಡಿದೆಯಾ ಎಂದಾಗಲಿ, ಎಲ್ಲಿ ಎಂದಾಗಲಿ ಅವನು ಕೇಳಲಿಲ್ಲ. ಕೇಳಿದ್ದು ಒಂದೇ.

“ಕನ್ನಡಿ ಯಾವ ಕಡೆ ತಿರುಗಿತ್ತು?”

“ಪಕ್ಕದ ಸೀಟಿನ ಕಡೆ.”

“ನಾನೇ ತಿರುಗಿಸಿಕೊಟ್ಟು ಬಂದೆ. ವೈರ್‌ಲೆಸ್‌ನವನಿಗೆ ಕಾಲು ಮುರಿದಿತ್ತು, ಹಿಂದೆ ತಿರುಗೋಕೆ ಆಗ್ತಿರ್ಲಿಲ್ಲ. ನಾನು ವಾಪಸ್ ಬರೋದು ಕಾಣ್ಲಿ ಅಂತ.” ಅಪ್ಪ ಬಿದ್ದ ಉಗುರುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡ. “ನಡೆದು ನಡೆದು ಮೂರನೇ ದಿನ ನಮ್ಮ ಸೈನ್ಯದ ಠಾಣೆ ಸೇರಿದೆ. ಗಾಡಿ ಎಲ್ಲಿ ಅಂದ್ರು. ಬಿಟ್ಟು ಬಂದೆ ಅಂದ್ರೆ ತರೋಕೆ ನನ್ನನ್ನೇ ಕಳಿಸ್ತಿದ್ರು. ಸುಟ್ಟೋಯ್ತು ಅಂದೆ.”

“ಮತ್ತೆ ಅತ್ತೆಯ ತಮ್ಮ?”

“ಅವನನ್ನೂ ಸೇರಿಸಿಯೇ ಹೇಳಿದ ಹಾಗಾಯ್ತಲ್ಲ.”

ಅವಳು ಕಂಬಳಿಯ ವಿಷಯ ಹೇಳಿದಳು. ಮಡಿಸಿ ಇಟ್ಟಿತ್ತಂತೆ ಎಂದಳು.

ಅಪ್ಪ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. “ಇಲ್ಲ. ಅವನು ಯಾವತ್ತೂ ಕಂಬಳಿ ಮಡಿಸಿದವನಲ್ಲ. ಅದಕ್ಕೇ ದಿನಾ ಬೈಸ್ಕೊಳ್ತಿದ್ದ.”

ಗೇಟು ಕಿರುಗುಟ್ಟಿತು. “ಬರೆಸ್ತೀಯಾ?” ಎಂದ ಅಪ್ಪ. ಅಷ್ಟರಲ್ಲಿ ಅತ್ತೆ ಒಳಗೆ ಬಂದಾಗಿತ್ತು.

“ಏನಿದು, ತಂದೆ ಮಗಳು ಇಬ್ರೂ ಪರೀಕ್ಷೆ ಫೇಲಾದವರ ಹಾಗೆ ಕೂತಿದ್ದೀರಿ?” ಅತ್ತೆ ಮೇಜಿನ ಮುಂದೆ ಕೂತು ಪುಸ್ತಕ ತೆರೆದರು, ಶಾಯಿಪೆನ್ನಿನ ಮುಚ್ಚಳ ತೆಗೆದು ನಿಬ್ಬನ್ನು ಒರೆಸಿದರು. “ಅರವತ್ಮೂರು ಸಿಕ್ತೋ ಇಲ್ವೋ? ಇಲ್ಲ ಅಂದ್ರೆ ಹೇಳಿಬಿಡು, ಮನೇಲಿ ಬಟ್ಟೆ ನೆನೆಹಾಕಿ ಬಂದಿದ್ದೀನಿ.”

“ಸಿಕ್ತು ಅತ್ತೆ.”

“ಮತ್ತೆ ಬಾಯಿಬಿಡು. ನಂಬರ್ ಹೇಳು.”

ಅವಳು ರಟ್ಟುಗಳನ್ನು ಬಿಚ್ಚದೆ ನಿಂತಳು. ಹೇಳಿದ್ದು ಅಪ್ಪ. ಕಿಟಕಿಯ ಬಳಿಯಿಂದ, ಠಾಣೆಯ ಹಾಜರಿಯಲ್ಲಿ ನಿಂತವನಂತೆ, ಒಂದೊಂದೇ ಅಂಕಿ.

“ನಾಲ್ಕು. ಒಂದು. ಏಳು.”

ಅತ್ತೆ ಬರೆದರು.

“ಸೊನ್ನೆ.”

ಅತ್ತೆಯ ಪೆನ್ನು ಕಾಗದದ ಮೇಲೆ ನಿಂತಿತು. ನಿಂತಲ್ಲೇ ಶಾಯಿ ಒಂದು ಚುಕ್ಕೆಯಾಗಿ ಹರಡತೊಡಗಿತು. ಅಪ್ಪನ ತುಟಿ ಅಲ್ಲಾಡಿತು, ಆದರೆ ಮುಂದಿನ ಅಂಕಿ ಹೊರಬರಲಿಲ್ಲ. ಅತ್ತೆ ಅವನ ಕಡೆ ನೋಡದೆ, ಸೊನ್ನೆ ಸುತ್ತಿ, ಉಳಿದ ಒಂಬತ್ತನ್ನೂ ಮೂರನ್ನೂ ತಾವೇ ಬರೆದರು. ಎಂದಿನ ಹಾಗೆ ಮೂರರ ಬಾಲವನ್ನು ಕೊಂಚ ಉದ್ದ ಎಳೆದರು.

“ಸ್ಥಿತಿ?”

“ಪೂರ್ತಿ ಇದೆ ಅತ್ತೆ.” ಎಂದಳು ಅವಳು. “ಬೆಂಕಿ ಬಿದ್ದಿಲ್ಲ.”

ಅದನ್ನೂ ಬರೆದರು. ‘ಆಧಾರ’ ಎಂಬ ಕೊನೆಯ ಅಂಕಣವನ್ನು ಖಾಲಿ ಬಿಟ್ಟು, ಶಾಯಿ ಆರುವ ಮೊದಲೇ ಪುಸ್ತಕ ಮುಚ್ಚಿದರು.

“ಕಾಲು ಮುರಿದಿತ್ತು, ಅಷ್ಟೇ,” ಎಂದ ಅಪ್ಪ.

“ಅಷ್ಟೇ,” ಎಂದರು ಅತ್ತೆ. ಪೆನ್ನಿಗೆ ಮುಚ್ಚಳ ಹಾಕಲು ಎರಡು ಸಲ ಪ್ರಯತ್ನಿಸಿದರು, ಮೂರನೇ ಸಲಕ್ಕೆ ಕೂತಿತು. “ಎಷ್ಟು ದೂರ?”

“ನಾಲ್ಕು ಗಂಟೆ.”

“ಈಗ ಹೊರಟ್ರೆ ಎರಡು ಗಂಟೆಗೆಲ್ಲ ಸೇರಬಹುದು. ಏಳು, ಕಾರು ತೆಗಿ.” ಬಾಗಿಲಿಗೆ ಹೋದವರು ತಿರುಗದೆ ಹೇಳಿದರು, “ಅವನನ್ನೂ ಕರ್ಕೋ.”

ಅಪ್ಪ ಎಂದಿನಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದ. ಅಲ್ಲಿ ಅತ್ತೆ ಆಗಲೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಸರಿದು ಜಾಗ ಕೊಡಲಿಲ್ಲ. ಅವನು ಸುತ್ತಿ ಬಂದು ಮುಂದೆ ಕೂತ, ಮಂಡಿಗಳ ಮೇಲೆ ಅಂಗೈ ಊರಿಕೊಂಡು.

ಅವಳು ಎಂಜಿನ್ ಚಾಲೂ ಮಾಡಿ ಅಭ್ಯಾಸಬಲದಿಂದ ತಲೆಯ ಮೇಲಿನ ಕನ್ನಡಿ ನೋಡಿದಳು. ಅದರಲ್ಲಿ ಅವಳಿಗೆ ಹಿಂದಿನ ಗಾಜು ಕಾಣಲಿಲ್ಲ. ಕನ್ನಡಿ ಪಕ್ಕದ ಸೀಟಿನ ಕಡೆ ವಾಲಿತ್ತು. ನಿನ್ನೆ ಕತ್ತಲಲ್ಲಿ ನಾಲ್ಕು ಗಂಟೆ ಅದೇ ಕನ್ನಡಿ ನೋಡಿಕೊಂಡು ಬಂದಿದ್ದಳು. ಆಮೇಲೆ ಕಾರಿನೊಳಗೆ ಯಾರೂ ಕೂತಿರಲಿಲ್ಲ. ತಿರುಗಿಸಿಕೊಳ್ಳಲು ಕೈಯೆತ್ತಿದಳು. ಅಪ್ಪ ರೆಪ್ಪೆ ಮಿಟುಕಿಸದೆ ಅದರೊಳಗೇ ನೋಡುತ್ತಿದ್ದ.

ಅವಳು ಕೈ ಕೆಳಗಿಳಿಸಿದಳು. ಕತ್ತು ಹೊರಳಿಸಿ, ಅತ್ತೆಯ ಭುಜದ ಮೇಲಿಂದ ಹಿಂದಿನ ಗಾಜಿನಾಚೆ ನೋಡುತ್ತ, ಕಾರನ್ನು ಮೆಲ್ಲಗೆ ಗೇಟಿನಿಂದ ಹಿಂದಕ್ಕೆ ತೆಗೆದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ.