ಹದಿನಾಲ್ಕನೆಯ ಆಕರ

ಹೀಟರು ಮತ್ತೆ ಗೊರಗೊರ ಎನ್ನುತ್ತಿದೆ, ಕಿಟಕಿಯಾಚೆ ಹ್ಯಾಲಿಫ್ಯಾಕ್ಸ್ ಬಂದರಿನ ಮೇಲೆ ಮಂಜು ಕವಿದು ಮಧ್ಯಾಹ್ನವೋ ಸಂಜೆಯೋ ತಿಳಿಯುತ್ತಿಲ್ಲ, ಕಾಫಿ ಆರಿಹೋಗಿದೆ, ಅದನ್ನೇ ಕುಡಿಯುತ್ತೇನೆ, ಏಳುವ ಶಕ್ತಿ ಯಾರಿಗಿದೆ — ಲೇಖನ ಇವತ್ತೇ ಪತ್ರಿಕೆಗೆ ಹೋಗಬೇಕು, ಸ್ಕ್ಯಾನಿಗೆ ಮುಂಚೆ ಮಕ್ಕಳನ್ನು ಮಲಗಿಸುವ ಔಷಧಿ, ಎಷ್ಟು ಕೊಟ್ಟರೆ ಸುರಕ್ಷಿತ, ಇದನ್ನು ನೋಡಿಕೊಂಡೇ ನಮ್ಮ ವಾರ್ಡಿನಲ್ಲಿ ಪ್ರಮಾಣ ಏರಿಸುತ್ತಾರೆ, ಮೊದಲು ಡೆಲ್ಫಿನ್ ಕೊಮೋ ಎಂದು ನನ್ನ ಹೆಸರು, ಕೊನೆಗೆ ದೊಡ್ಡ ಡಾಕ್ಟರು ರ‍್ಯಾಂಕಿನ್ ಅವರದು, ಇದು ಅಚ್ಚಾಗದಿದ್ದರೆ ಇಲ್ಲಿ ನನ್ನ ಕೆಲಸ ಉಳಿಯುವುದಿಲ್ಲ, ಗೊತ್ತು, ಗೊತ್ತು, ಕಣ್ಣು ಉರಿಯುತ್ತಿದೆ — ಸುರಕ್ಷಿತ ಎಂಬ ಮಾತಿನ ಪಕ್ಕದಲ್ಲಿ ಪುಟ್ಟದಾಗಿ ಹದಿನಾಲ್ಕು ಎಂಬ ಆಕರದ ಅಂಕಿ, ನಾರ್ವೆಯ ಯಾವುದೋ ಹಳೆಯ ವರದಿ, ಈ ಔಷಧಿಯ ಬಗ್ಗೆ ಬರೆದವರೆಲ್ಲ ಅದನ್ನೇ ಹಾಕುತ್ತಾರೆ, ನಾನೂ ಹಾಕಿದ್ದೆ, ಒಮ್ಮೆ ಕಣ್ಣಾರೆ ನೋಡೋಣವೆಂದು ಲೈಬ್ರರಿಯ ಒರ್ಲಾಳನ್ನು ಕೇಳಿದರೆ, ಅಲ್ಲ ಕಣೇ, ನೀನು ಹೇಳಿದ ಪುಟದಲ್ಲಿ ಹಲ್ಲಿನ ಡಾಕ್ಟರ ಕುರ್ಚಿ ಜಾಹೀರಾತಿದೆ, ನಿಮ್ಮ ಮಕ್ಕಳನ್ನ ಕುರ್ಚೀಲಿ ಕೂರಿಸಿ ಮಲಗಿಸ್ತೀರಾ, ಎಂದು ನಗುತ್ತಾ ಇಡೀ ಸಂಪುಟವನ್ನೇ ಕಳಿಸಿಬಿಟ್ಟಳು — ಆಮೇಲೆ ಬೇರೆಯವರ ಲೇಖನಗಳನ್ನು ತೆಗೆದು ನೋಡಿದೆ, ಎಲ್ಲದರಲ್ಲೂ ಅದೇ ತಪ್ಪು ಪುಟ, ಒಬ್ಬರದನ್ನು ಒಬ್ಬರು ಇಳಿಸಿಕೊಂಡಿದ್ದಾರೆ, ಮೂಲವನ್ನು ತೆರೆದವರು ಒಬ್ಬರೂ ಇಲ್ಲ, ಎಂಥ ಜನ ನಾವು, ಸಿಟ್ಟು ಬರಬೇಕಿತ್ತು, ಬರೀ ಸುಸ್ತಾಗುತ್ತಿದೆ.

ಹುಡುಕಿದರೆ ಸಿಕ್ಕಿದ್ದು ಅರ್ಧ ಪುಟ. ಒಬ್ಬಳೇ ಹುಡುಗಿ, ಹೆಸರಿಲ್ಲ, ಔಷಧಿ ಕೊಟ್ಟೆವು, ಮಲಗಿದಳು, ಬೆಳಿಗ್ಗೆ ಎದ್ದು ಕುಳಿತು ಪೀಚ್ ಹಣ್ಣು ಕೇಳಿದಳು, ತೊಂದರೆಯೇನೂ ಕಾಣಲಿಲ್ಲ — ಇಷ್ಟೇ, ಇದರ ಮೇಲೆ ನಮ್ಮೆಲ್ಲರ ಸುರಕ್ಷಿತ ಎಂಬ ಮಾತು ನಿಂತಿದೆ, ಅಷ್ಟಕ್ಕೆ ಮುಚ್ಚಿಡಬಹುದಿತ್ತು, ಆದರೆ ಬೆರಳು ಸುಮ್ಮನಿರದೆ ಮುಂದಿನ ಸಂಚಿಕೆಗೆ ಹೋಯಿತು, ಅಲ್ಲಿ ತಿದ್ದುಪಡಿ, ನಾವು ವರದಿ ಮಾಡಿದ್ದ ಮಗುವಿಗೆ ಅದೇ ಪ್ರಮಾಣವನ್ನು ಎರಡನೆಯ ಸಲ ಕೊಟ್ಟಾಗ ಉಸಿರು ನಿಂತಿತು, ಉಳಿಸಿಕೊಳ್ಳಲಾಗಲಿಲ್ಲ — ಇದನ್ನು ಯಾರೂ ಉಲ್ಲೇಖಿಸಿಲ್ಲ, ಒಬ್ಬರೂ, ಪೀಚ್ ಹಣ್ಣು ಕೇಳಿದ್ದಳಲ್ಲ, ಯಾರಾದರೂ ತಂದುಕೊಟ್ಟರೋ ಇಲ್ಲವೋ, ಬರೆದಿಲ್ಲ, ನನಗೇಕೆ ಅದೇ ಚಿಂತೆ — ರ‍್ಯಾಂಕಿನ್ ಅವರಿಗೆ ಆಗಲೇ ಹೇಳಿದೆ, ಅಲ್ಲಮ್ಮಾ, ಇಷ್ಟು ಜನ ಹಾಕಿದ್ದಾರೆ ಅಂದ್ಮೇಲೆ ಎಲ್ರೂ ದಡ್ಡರಾ, ಆ ಕಾಲದಲ್ಲಿ ಏನೇ ಆದ್ರೂ ತಪ್ಪನ್ನ ಔಷಧಿ ಮೇಲೇ ಹಾಕ್ತಿದ್ರು, ಪುಟದ ನಂಬರ್ ಸರಿ ಮಾಡು, ಕಳಿಸು — ಸರಿ ಮಾಡಿದೆ, ಲೇಖಕ, ವರ್ಷ, ಸಂಪುಟ, ಪುಟ, ಒಂದು ಚುಕ್ಕೆಯೂ ತಪ್ಪಿಲ್ಲ, ಯಾವ ಸಂಪಾದಕರೂ ಬೆರಳು ತೋರಿಸಲಾರರು, ನಾಳೆ ನಮ್ಮ ವಾರ್ಡಿನಲ್ಲೂ ಒಂದು ಮಗುವಿಗೆ ಎರಡನೆಯ ಸಲ ಸ್ಕ್ಯಾನ್ ಬೇಕಾಗುತ್ತದೆ, ನರ್ಸ್ ನಮ್ಮ ಲೇಖನ ನೋಡಿ ಸಿರಿಂಜು ತುಂಬಿಸುತ್ತಾಳೆ — ಫೋನು ಹೊಡೆದುಕೊಳ್ಳುತ್ತಿದೆ, ಅವರೇ, ಹೋಯ್ತಾ ಡೆಲ್ಫಿನ್, ಇಲ್ಲ ಡಾಕ್ಟ್ರೇ, ಇನ್ನೂ ಯಾಕೆ, ಸುರಕ್ಷಿತ ಅನ್ನೋದನ್ನ ತೆಗೆದೆ ಡಾಕ್ಟ್ರೇ, ತೆಗೆದ್ರೆ ಲೇಖನದಲ್ಲಿ ಇನ್ನೇನು ಉಳೀತು ಹೇಳು, ಏನೂ ಉಳೀಲಿಲ್ಲ, ನಿನ್ನ ಕೆಲಸದ ಗತಿ ಏನಂತ ಗೊತ್ತಲ್ವಾ, ಗೊತ್ತು ಡಾಕ್ಟ್ರೇ — ಫೋನು ಕೆಳಗಿಡುತ್ತೇನೆ, ಸುರಕ್ಷಿತ ಇದ್ದು ಖಾಲಿಯಾದ ಜಾಗದಲ್ಲಿ ಏನು ಬರೆಯಲಿ, ಆ ಹೆಸರಿಲ್ಲದ ಹುಡುಗಿ ಎದ್ದು ಕುಳಿತಿದ್ದಾಳೆ, ಕೂದಲು ಕೆದರಿದೆ, ಕೈ ಚಾಚಿ ಪೀಚ್ ಹಣ್ಣು ಕೇಳುತ್ತಿದ್ದಾಳೆ