ಮಾಳಿಗೆ ಮೇಲಿನ ಕೌದಿ

ದುರಸ್ತಿ ಮಾಡಿದ ಮೆಕ್ಯಾನಿಕ್ಕೇ ಹೆಲಿಕಾಪ್ಟರಿನ ಮೊದಲ ಹಾರಾಟದಲ್ಲಿ ಕೂಡಬೇಕೆಂಬುದು ಷೆಡ್ಡಿನ ಕಟ್ಟಳೆ. ಲಾಲಸಾಬ ಹಾಗೆ ಕೂತ ದಿನ ಅವನ ಹೆಂಡತಿ ಚಾಂದಬಿ ಕುರ್ಲಾದ ಚಾಳಿನ ಮಾಳಿಗೆಯ ಮೇಲೆ ಕೆಂಪು ಕೌದಿ ಹಾಸುತ್ತಿದ್ದಳು, ಮೇಲಿನಿಂದ ಅವನಿಗೆ ಮನೆ ಕಾಣಲೆಂದು.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ, ಮುಳುಗುತ್ತಿದ್ದ ದೋಣಿಯವರನ್ನು ಎತ್ತಿ ತರಲು, ದುರಸ್ತಿಯಾದ ಮೇಲೆ ಮೊದಲ ಸಲ ಹಾರಿ ಹೋದ ಹೆಲಿಕಾಪ್ಟರು ಅವನ ಸಮೇತ ಕಡಲಿಗೆ ಬಿತ್ತು. ಮಣ್ಣು ಕೊಡಲು ಹೆಣವೂ ಸಿಗಲಿಲ್ಲ. ಷೆಡ್ಡಿನಲ್ಲಿ ಉಳಿದ ಇನ್ನೊಂದು ಹೆಲಿಕಾಪ್ಟರು ರೋಗಿಗಳನ್ನು ಹೊತ್ತು ಚಾಳಿನ ಮೇಲೆ ಹಾದಾಗಲೆಲ್ಲ ಚಾಂದಬಿ ಕೌದಿ ಹಾಸುತ್ತಲೇ ಇದ್ದಳು. ಅದರ ಬಾಲದ ಗೇರ್‌ಬಾಕ್ಸನ್ನು ಕೂಡಿಸಿದವನು ಲಾಲಸಾಬ. ಅವನ ಕೈ ಅಲ್ಲಿದೆಯಲ್ಲ ಎಂಬುದು ಅವಳ ಲೆಕ್ಕ. ಹುಚ್ಚಿ ಎಂದ ನೆರೆಯವರ ಮಾತಿಗೆ ಅವಳು ಸೊಪ್ಪು ಹಾಕಲಿಲ್ಲ.

ಒಂದು ಶುಕ್ರವಾರ ಗಂಡನ ಜೊತೆಯ ಮೆಕ್ಯಾನಿಕ್ ಅಲ್ಲಾವುದ್ದೀನ ಬಂದ.

"ಭಾಬಿ, ಅಂವ ಕೂಡಿಸಿದ ಗೇರ್‌ಬಾಕ್ಸು ಸವದಿತ್ತು. ಬಿಚ್ಚಿ ಬ್ಯಾರೇದು ಹಾಕೀನಿ. ನಾಳೆ ಮೊದಲ ಹಾರಾಟಕ್ಕ ನಾನ ಕೂಡಬೇಕು."

ಚಾಂದಬಿ ಎದ್ದು ಕೌದಿ ಮಡಿಸಿ ಅವನ ಕೈಗಿಟ್ಟಳು.

"ನಿನ್ನ ಹೇಣ್ತಿಗೆ ಕೊಡು. ಅಕಿ ಹಾಸಲಿ."

ಮರುದಿನ ಹೆಲಿಕಾಪ್ಟರಿನ ಸದ್ದು ಕೇಳಿ ಮಾಳಿಗೆಗೆ ಓಡಿದಳು. ಕೌದಿ ಹಾಸುತ್ತಿದ್ದ ಜಾಗದಲ್ಲಿ ತಾನೇ ನಿಂತಳು.